ಮುಖಪರಿಚಯವಿಲ್ಲದ ಗಿಬ್ಬನ್

ನನ್ನ ನಿವೃತ್ತಿಗೆ ಪ್ರಯೋಗಾಲಯದವರು ಏನು ಕೊಟ್ಟಿರಬಹುದು, ಊಹಿಸಿ ನೋಡೋಣ. ಶಾಲು? ಗೋಡೆ ಗಡಿಯಾರ? ಅಲ್ಲವೇ ಅಲ್ಲ. ಅಸ್ಸಾಮಿನ ಕಾಡಿಗೆ ರೈಲು ಟಿಕೆಟ್! ವಿಶಾಖಪಟ್ಟಣದಲ್ಲಿ ಕೂತು ಹನ್ನೆರಡು ವರ್ಷ ನಾನು ಪರೀಕ್ಷಿಸಿದ್ದು ಅಲ್ಲಿನ ಗಿಬ್ಬನ್ ಎಂಬ ಬಾಲವಿಲ್ಲದ ವಾನರಗಳ ಮಲವನ್ನು. ಅವುಗಳ ಕರುಳಿನ ಯಾವ ಬ್ಯಾಕ್ಟೀರಿಯಾ ಮನುಷ್ಯರಿಗೆ ರೋಗ ತಂದೀತು ಅಂತ ಪತ್ತೆ ಮಾಡುವುದು ಕೆಲಸ. ಯಾವ ಗಿಬ್ಬನ್ ಹಿಂದಿನ ದಿನ ಅತ್ತಿಹಣ್ಣು ತಿಂದಿದೆ ಅಂತ ಹೇಳಬಲ್ಲೆ. ಮುಖ ಮಾತ್ರ ಒಂದರದ್ದೂ ಕಂಡಿರಲಿಲ್ಲ. ಒಮ್ಮೆ ಕಣ್ಣಾರೆ ನೋಡಬೇಕು, ಅದೊಂದೇ ಆಸೆ. ನೋಡಿದೆನಾ? ತಡೀರಿ. ಈ ಉದ್ಯೋಗದಲ್ಲಿ ಯಾವುದೂ ನೆಟ್ಟಗೆ ನಡೆದದ್ದೇ ಇಲ್ಲ.

ಬಸ್ಸಿನಲ್ಲಿ ಭಕ್ತಿ

ಅರ್ಧ ಮಾದರಿಗಳನ್ನು ಎರಡನೇ ಪರೀಕ್ಷೆಗೆ ಬಸ್ ಪಾರ್ಸೆಲ್ಲಿನಲ್ಲಿ ವಿಜಯವಾಡಕ್ಕೆ ಕಳಿಸುತ್ತಿದ್ದೆವು. ಒಮ್ಮೆ ಕೌಂಟರಿನಲ್ಲಿದ್ದ ಹೊಸ ಗುಮಾಸ್ತರು ಕೇಳಿದರು, "ಒಳಗೇನಂಡಿ?"

"ಐಸಿನಲ್ಲಿಟ್ಟ ಮಲ."

"ಯಾರದ್ದು?"

"ವಾನರದ್ದು."

"ಅಯ್ಯೋ, ಆಂಜನೇಯಸ್ವಾಮಿ ಕುಲದ್ದನ್ನು ಮೀನಿನ ಪೆಟ್ಟಿಗೆ ಪಕ್ಕ ಇಡೋದಾ?" ಅಂದವರೇ ಚಪ್ಪಲಿ ಬಿಟ್ಟು, ಎರಡೂ ಕೈಲಿ ಎತ್ತಿ, ಚಾಲಕರ ಪಕ್ಕ ದೇವರ ಪಟದ ಕೆಳಗೆ ಇಟ್ಟರು. "ಅಲ್ಲಿ ಇಡಬೇಡಿ, ಬಿಸಿ ತಾಗಬಾರದು" ಅಂತ ಗೋಗರೆದೆ. ಯಾರು ಕೇಳುತ್ತಾರೆ!

ಇಂಜಿನ್ನಿನ ಕಾವಿಗೆ ದಾರಿಯ ತುನಿ ಊರು ದಾಟುವಷ್ಟರಲ್ಲಿ ಐಸ್ ಕರಗಿತು. ಪೆಟ್ಟಿಗೆ ಇಳಿಸಿಕೊಳ್ಳಲು ಹೋದ ವಿಜಯವಾಡದ ಸಹೋದ್ಯೋಗಿ ಕಂಡದ್ದು ಇಷ್ಟು: ಪೆಟ್ಟಿಗೆ ಮೇಲೆ ಚೆಂಡುಹೂವು, ಸುತ್ತ ಊದುಬತ್ತಿಯ ಬೂದಿ. ಮುಂದಿನ ನಾಲ್ಕು ಸಾಲು ಖಾಲಿ, ಪ್ರಯಾಣಿಕರೆಲ್ಲ ಹಿಂದೆ ಒತ್ತೊತ್ತಾಗಿ ನಿಂತಿದ್ದಾರೆ. ಚಾಲಕರ ಕಣ್ಣಲ್ಲಿ ನೀರು. ಭಕ್ತಿಯಿಂದಲೇ ಇರಬೇಕು.

ಉಪ್ಪಿನಕಾಯಿ ಬಾಟಲಿ

ನಿವೃತ್ತನಾದ ವಾರವೇ ನಮ್ಮ ಮನೆ ಓನರಮ್ಮ ಒಂದು ಹಳೇ ಉಪ್ಪಿನಕಾಯಿ ಬಾಟಲಿ ಹಿಡಿದು ಬಂದರು. ಮೂರು ವರ್ಷದ ಮೊಮ್ಮಗಳು ಬುಜ್ಜಿಗೆ ಹೊಟ್ಟೆ ಕೆಟ್ಟಿತ್ತು. ಈ ಬುಜ್ಜಿ ದಿನಾ ಊಟ ಮಾಡುವುದು ನನ್ನ ತಟ್ಟೆಯಲ್ಲೇ.

"ಅಣ್ಣಯ್ಯಗಾರೂ, ಸ್ವಲ್ಪ ನೋಡಿಬಿಡಿ."

"ನಾನೀಗ ನಿವೃತ್ತ ಕಣಮ್ಮಾ. ಡಾಕ್ಟರ ಹತ್ತಿರ ಹೋಗಿ."

"ಹನ್ನೆರಡು ವರ್ಷ ಊರು ಕೇರಿ ಗೊತ್ತಿಲ್ಲದ ಕೋತಿಗಳದ್ದು ನೋಡಿದ್ರಿ. ನಮ್ಮ ಬುಜ್ಜಿಯದು ಬೇಡವಾಯ್ತಾ?"

ಮಾತು ಮರೆಸಲು ನನ್ನ ಪ್ರಯಾಣದ ಸುದ್ದಿ ತೆಗೆದೆ. ಸಂಕ್ರಾಂತಿಯ ಮಾರನೇ ದಿನ ಹೊರಡುತ್ತೇನೆ ಅಂದೆ.

"ಕನುಮ ಹಬ್ಬದ ದಿನವಾ? ಅವತ್ತು ನಮ್ಮಲ್ಲಿ ಯಾರೂ ಊರು ಬಿಡಲ್ಲ!"

"ನಾನು ಎಮ್ಮೆಸ್ಸಿ ಓದಿದವನು."

"ಓದಿ ಏನು ಬಂತು? ಒಂದು ಬಾಟಲಿ ನೋಡೋಕೆ ಬರಲಿಲ್ಲ!"

ಡಾಕ್ಟರ ಔಷಧಿಗೆ ಬುಜ್ಜಿ ಎರಡೇ ದಿನದಲ್ಲಿ ಗೆಲುವಾಗಿ ಮತ್ತೆ ನನ್ನ ತಟ್ಟೆಗೆ ಬಂದಳು.

ನಿಯಮ ಅಂದರೆ ನಿಯಮ

ಗಿಬ್ಬನ್ನಿನ ರೋಗ ನಮಗೆ ಬರುವ ಹಾಗೆ ನಮ್ಮದೂ ಅದಕ್ಕೆ ಹೋಗುತ್ತದೆ. ಅದಕ್ಕೇ ಕಾಡಿಗೆ ಹೊರಟವರೆಲ್ಲ ಮೊದಲು ತಮ್ಮ ಮಲ ಪರೀಕ್ಷೆಗೆ ಕೊಡಬೇಕು. ನಾನೂ ಕೊಟ್ಟಿದ್ದೆ. ಹೊರಡುವ ಬೆಳಿಗ್ಗೆ ಆಟೋ ಬಾಗಿಲಿಗೆ ಬಂದಿದೆ, ಕೈಯಲ್ಲಿ ಸೂಟ್‌ಕೇಸು, ಕೊರಳಲ್ಲಿ ಹೊಸ ದುರ್ಬೀನು. ಫೋನು ಬಂತು. ನನ್ನ ಜಾಗಕ್ಕೆ ಬಂದ ದಾವಣಗೆರೆ ಹುಡುಗಿ. ಹಬ್ಬಕ್ಕೆ ಊರಿಗೂ ಹೋಗದೆ ಕೆಲಸಕ್ಕೆ ಕೂತಿದ್ದಳು.

"ಸರ್, ಆಟೋ ಹತ್ತಬ್ಯಾಡ್ರಿ."

"ಯಾಕಮ್ಮಾ, ಗಿಬ್ಬನ್ನುಗಳಿಗೆ ಏನಾಯ್ತು?"

"ಅವು ಆರಾಮ ಅದಾವ್ರಿ. ನಿಮ್ಮಲ್ಲೇ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಿಕ್ಕೈತಿ. ನಿಮ್ಮಿಂದ ಅವಕ್ಕೆ ಅಪಾಯ."

"ನಾನು ಗುಂಡುಕಲ್ಲಿನ ಹಾಗಿದ್ದೀನಲ್ಲ!"

"ಗಟ್ಟಿ ಇದ್ರೂ ಬಿಡಬಾರದು ಅಂತ ನಿಯಮ ಐತ್ರಿ ಸರ್. ಕೆಳಗೆ ನಿಮ್ಮದೇ ಸಹಿ."

ಆಟೋ ವಾಪಸ್ ಕಳಿಸಿದೆ. ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದ ಓನರಮ್ಮ ಎಲ್ಲಾ ಕೇಳಿಸಿಕೊಂಡು, "ಅವತ್ತೇ ಬಾಟಲಿ ನೋಡಿದ್ದಿದ್ರೆ ಒಂದೇ ತಟ್ಟೇಲಿ ಉಣ್ಣೋದಾದ್ರೂ ಬಿಡ್ತಿದ್ರಿ" ಅಂದರು. ಎಮ್ಮೆಸ್ಸಿ ಓದಿದವನು ಸೂಟ್‌ಕೇಸು ಒಳಗಿಟ್ಟೆ. "ಹೋಗಲಿ ಬನ್ನಿ, ವಡೆ ಮಾಡಿದ್ದೀನಿ. ಬೇರೆ ತಟ್ಟೆ ಇಟ್ಟಿದ್ದೀನಿ."

ದುರ್ಬೀನು ದಂಡವಾಗಲಿಲ್ಲ. ಬುಜ್ಜಿ ಅದನ್ನು ಕಣ್ಣಿಗಿಟ್ಟುಕೊಂಡು, ದೂರದಲ್ಲಿ ಒಬ್ಬನೇ ಕೂತು ವಡೆ ತಿನ್ನುತ್ತಿದ್ದ ಬಾಲವಿಲ್ಲದ ವಾನರವನ್ನು ಕಣ್ತುಂಬ ನೋಡಿದಳು. ಸಂಕ್ರಾಂತಿಯ ಮಾರನೇ ದಿನ, ಯಾರೂ ಊರು ಬಿಡದ ಕನುಮದ ದಿನ.