ಕಿಟಕಿ ಕೋಣೆಯ ಪಂದ್ಯ

ಎಳ್ಳಿನ ಕಾಳಿಗಿಂತ ಚಿಕ್ಕದಾದ ಒಂದು ತಿರುಪು ಚಿಮಟದ ತುದಿಯಿಂದ ಜಾರಿ, ಮೇಜಿನ ಮೇಲೆ ಒಮ್ಮೆ ಕುಣಿದು, ನೆಲಕ್ಕೆ ಹಾರಿ ಮಾಯವಾಯಿತು. ಆದದ್ದು ಇಷ್ಟೇ. ಗಡಿಯಾರ ರಿಪೇರಿ ಮಾಡುವ ಟಿಕ್‌ಟಿಕ್ ರಾಯರು ತೆಪ್ಪಗೆ ಮಂಡಿಯೂರಿ ಹುಡುಕಿದ್ದರೆ ಹತ್ತು ನಿಮಿಷದಲ್ಲಿ ಸಿಗುತ್ತಿತ್ತು, ಈ ರಾಮಾಯಣವೂ ಇರುತ್ತಿರಲಿಲ್ಲ. ಆದರೆ ಅವರು ಮಂಡಿಯೂರುವ ಮೊದಲು ಬಾಯಿ ಬಿಟ್ಟರು.

"ನೋಡಿದ್ಯಾ? ನಿನ್ನ ಮಾತಿಂದ್ಲೇ ಬಿತ್ತು!"

ನಡುಮನೆಯ ಇನ್ನೊಂದು ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ತೆಗೆದರು. ಕಟ್ಟಡದವರೆಲ್ಲ ಆಕೆಯನ್ನು ಕರೆಯುವುದು ಟೈಲರಮ್ಮ ಎಂದು.

"ನಾನೇನಂದೆ? ಸ್ವಲ್ಪ ಪಕ್ಕಕ್ಕೆ ಸರೀರಿ, ಬೆಳಕು ಬರ್ಲಿ ಅಂದೆ."

"ಅದೇ! ಹೆಂಗಸರ ಬಾಯಿಗೆ ಬೀಗ ಅನ್ನೋದೇ ಇಲ್ಲ. ಗಂಡಸು ಇಡೀ ದಿನ ಆಡೋ ಮಾತನ್ನ ನೀವು ಹಲ್ಲುಜ್ಜೋದ್ರೊಳಗೆ ಆಡಿ ಮುಗಿಸ್ತೀರಿ."

"ಅಳತೆ ತಗೊಂಡಿದೀರಾ?" ಎಂದರು ಟೈಲರಮ್ಮ. ಅಳತೆ ತೆಗೆಯದೆ ಆಕೆ ಒಂದು ಕರವಸ್ತ್ರವನ್ನೂ ಹೊಲಿದವರಲ್ಲ.

ಜಗಳದ ಬೇರು ತಿರುಪಿನಲ್ಲಿರಲಿಲ್ಲ, ಬೆಳಕಿನಲ್ಲಿತ್ತು. ನಡುಮನೆಗೆ ಇದ್ದದ್ದು ಒಂದೇ ಕಿಟಕಿ. ಅದರ ಒಂದು ಪಕ್ಕ ರಾಯರ ಮೇಜು, ಇನ್ನೊಂದು ಪಕ್ಕ ಹೆಂಡತಿಯ ಯಂತ್ರ, ನಡುವೆ ಇಪ್ಪತ್ತೆರಡು ವರ್ಷದ ನೂಕುನುಗ್ಗಲು. ಹೋದ ವಾರ ಒಳಗಿನ ಕೋಣೆಯಲ್ಲಿ ಬಾಡಿಗೆಗಿದ್ದ ನರ್ಸಮ್ಮ ವರ್ಗವಾಗಿ ಹೋದರು. ಎರಡು ದೊಡ್ಡ ಕಿಟಕಿ, ಬೆಳಗ್ಗೆಯಿಂದ ಸಂಜೆವರೆಗೆ ಬೆಳಕು, ಮೇಲಾಗಿ ಹಾಕಿಕೊಳ್ಳಲು ಬಾಗಿಲು. ಅಂದಿನಿಂದ ಗಂಡಹೆಂಡಿರಿಬ್ಬರೂ ಆ ಕೋಣೆಯ ಮುಂದೆ ಹಾದುಹೋಗುವಾಗ ನಡಿಗೆ ನಿಧಾನ ಮಾಡುತ್ತಿದ್ದರು. ಟೈಲರಮ್ಮನಿಗೆ ಕಪ್ಪು ಬಟ್ಟೆಯ ಮೇಲೆ ಕಪ್ಪು ನೂಲು ಓಡಿಸುವ ಕಷ್ಟ. ರಾಯರದ್ದು ಅದಕ್ಕಿಂತ ದೊಡ್ಡ ಸಂಕಟ. ಕಣ್ಣು ಮೊದಲಿನಂತೆ ಕಾಣುತ್ತಿರಲಿಲ್ಲ. ಹೋದ ತಿಂಗಳು ತಪ್ಪಾಗಿ ಜೋಡಿಸಿದ್ದ ಎರಡು ಕೈಗಡಿಯಾರಗಳು ವಾಪಸು ಬಂದಿದ್ದವು. ಆ ಕೋಣೆ ಸಿಗದಿದ್ದರೆ ಕಸುಬೇ ಕೈಬಿಟ್ಟೀತು ಎಂಬ ಹೆದರಿಕೆ ಎದೆಯಲ್ಲಿ ಕೂತಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಮಿಕ್ಕಿದ್ದನ್ನೆಲ್ಲ ಎಲ್ಲರಿಗೂ ಹೇಳುತ್ತಿದ್ದರು.

"ಅಳತೆ ತಾನೆ? ಬಾ ಪಂದ್ಯಕ್ಕೆ! ಇವತ್ತು ಸಂಜೆ ಆರರವರೆಗೆ ಯಾರು ಕಮ್ಮಿ ಮಾತಾಡ್ತಾರೋ ಅವರಿಗೆ ಕಿಟಕಿ ಕೋಣೆ!"

"ಆಯ್ತು" ಎಂದರು ಟೈಲರಮ್ಮ.

ಅಳೆಯಲು ಯಂತ್ರ ಸಿದ್ಧವಾಗಿಯೇ ಇತ್ತು. ಚದುರಂಗದ ಸಂಘದವರು ರಿಪೇರಿಗೆ ಕೊಟ್ಟಿದ್ದ ಜೋಡಿ ಗಡಿಯಾರ. ಒಂದೇ ಪೆಟ್ಟಿಗೆಯಲ್ಲಿ ಎರಡು ಮುಖ, ಮೇಲೆ ಎರಡು ಗುಂಡಿ. ರಾಯರು ಒಳಗೆ ಏನೋ ತಿರುಚಿ, ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಆಯಾ ಮುಖ ಓಡುವಂತೆ ಮಾಡಿದರು. ಎಡಗಡೆಯದು ತಮ್ಮದು, ಬಲಗಡೆಯದು ಹೆಂಡತಿಯದು. ತೀರ್ಪುಗಾರರಾಗಿ ಕೆಳಗಿನ ಮನೆಯ ಟೀಸಿ ಮಾವ ಬಂದರು. ಮೂವತ್ತೈದು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ತಮ್ಮ ಮನೆಯ ಬೆಕ್ಕು ಒಳಗೆ ಬಂದರೂ ಎಲ್ಲಿಂದ ಬಂತು ಎಂದು ವಿಚಾರಿಸುವ ಜಾತಿ.

ಮಾವ ಕುರ್ಚಿ ಎಳೆದುಕೊಂಡು ಎರಡು ಹೆಬ್ಬೆರಳನ್ನೂ ಗುಂಡಿಗಳ ಮೇಲಿಟ್ಟರು. ರಾಯರು ಗಂಟಲು ಸರಿಮಾಡಿಕೊಂಡು ನಿಯಮಗಳನ್ನು ವಿವರಿಸಿದರು. ಸನ್ನೆ ಮಾಡಬಹುದು. ಬರೆದು ತೋರಿಸಿದರೆ ಅದು ಮಾತಿಗೆ ಸಮ. ಈ ಹೆಂಗಸರನ್ನು ನಂಬಲಾಗದು, ಬಾಯಿ ಮುಚ್ಚಿದರೆ ಚೀಟಿ ಬರೆಯುತ್ತಾರೆ. ಕೆಮ್ಮು, ಆಕಳಿಕೆ ಮಾಫಿ. ಆಮೇಲೆ ಈ ಗಡಿಯಾರದ ಸ್ಪ್ರಿಂಗ್ ಎಂಥದ್ದು, ಅದನ್ನು ಎಷ್ಟು ಸುತ್ತು ಬಿಗಿಯಬೇಕು, ತಮ್ಮ ಗುರುಗಳು ಅದನ್ನು ಕಣ್ಣುಮುಚ್ಚಿ ಬಿಗಿಯುತ್ತಿದ್ದರು, ಗುರುಗಳ ಭಾವಮೈದುನನಿಗೆ ಮಾತ್ರ ಆ ವಿದ್ಯೆ ಒಲಿಯಲಿಲ್ಲ, ಏಕೆಂದರೆ ಆತ ಎಡಚ, ಎಡಚರೆಂದಮೇಲೆ ನೆನಪಾಯಿತು...

"ಸರಿ, ಇನ್ನು ಶುರು!" ಎಂದು ರಾಯರು ಮುಗಿಸಿದಾಗ ಮಾವ ಗಡಿಯಾರ ತಿರುಗಿಸಿ ತೋರಿಸಿದರು. ಬಲಗಡೆ ಒಂದು ಸೆಕೆಂಡು. ಎಡಗಡೆ ಇಪ್ಪತ್ತಾರು ನಿಮಿಷ.

"ಅಯ್ಯೋ ಮಾವ, ನಿಯಮ ಹೇಳಿದ್ದೂ ಲೆಕ್ಕಾನಾ?"

"ಮತ್ತೆ? ರೈಲು ಹತ್ತಿದಲ್ಲಿಂದ್ಲೇ ಚಾರ್ಜು ಕಣಯ್ಯ, ನಾನು ಹಿಡಿದಲ್ಲಿಂದ ಅಲ್ಲ."

ರಾಯರು ಇನ್ನೇನೋ ಹೇಳಹೊರಟು, ಮಾವನ ಎಡ ಹೆಬ್ಬೆರಳು ಬಾಗಿದ್ದು ಕಂಡು, ಬಾಯನ್ನು ಪೆಟ್ಟಿಗೆಯ ಮುಚ್ಚಳದಂತೆ ಮುಚ್ಚಿದರು.

ಮೊದಲ ಗಿರಾಕಿ ಅಲಾರಂ ಗಡಿಯಾರ ಹಿಡಿದುಕೊಂಡು ಬಂದ. "ಯಾವಾಗ ಸಿಗುತ್ತೆ?" ರಾಯರು ನಾಲ್ಕು ಬೆರಳು ತೋರಿಸಿದರು. "ನಾಲ್ಕು ಗಂಟೆಗಾ? ನಾಲ್ಕು ದಿನಕ್ಕಾ? ನಾಲ್ಕನೇ ತಾರೀಕಿಗಾ?" ಎಲ್ಲದಕ್ಕೂ ರಾಯರು ಕತ್ತು ಅಲ್ಲಾಡಿಸಿದ ರೀತಿ ಒಂದೇ ಆಗಿತ್ತು. ಅಲಾರಂ ರಿಪೇರಿಗೆ ಕೊಟ್ಟರೆ ಅರ್ಧ ಗಂಟೆ ಹರಟೆ ಬಿಟ್ಟಿ ಕೊಡುವ ಮನುಷ್ಯ ಹೀಗೆ ಕಲ್ಲಾಗಿ ಕೂತದ್ದನ್ನು ಕಂಡು ಗಿರಾಕಿಗೆ ಗಾಬರಿಯಾಯಿತು. ಮೆಟ್ಟಿಲಿಳಿಯುವಾಗ ಎದುರಾದ ಪ್ರತಿಯೊಬ್ಬ ಗಂಡಸಿಗೂ ಸುದ್ದಿ ಹಂಚಿದ. ಮಹಡಿಯಿಂದ ಮಹಡಿಗೆ ಸುದ್ದಿ ಬೆಳೆಯಿತು. ಕೆಳಗೆ ಮುಟ್ಟುವ ಹೊತ್ತಿಗೆ ರಾಯರ ಗಂಟಲಿಗೆ ಆಪರೇಷನ್ ಆಗಿತ್ತು.

ಅತ್ತ ಗಡಿಯಾರದಲ್ಲಿ ಟೈಲರಮ್ಮನ ಮುಖ ಓಡತೊಡಗಿತ್ತು. ಶಾಲೆಯ ಸಮವಸ್ತ್ರದವರು, ಪರದೆ ಹೊಲಿಸುವವರು, ಎಲ್ಲರಿಗೂ ಉದ್ದ ಎಷ್ಟು, ಸುತ್ತಳತೆ ಎಷ್ಟು, ಜೇಬು ಬೇಕೋ ಬೇಡವೋ ಕೇಳಲೇಬೇಕಲ್ಲ. ಹನ್ನೊಂದು ಗಂಟೆಗೆ ಆಕೆಯ ಅಕ್ಕನ ಫೋನು ಬಂದಾಗ ರಾಯರಿಗೆ ವರ ಸಿಕ್ಕಂತಾಯಿತು. ಅಕ್ಕತಂಗಿಯರು! ಮುಗಿಯಿತು ಕತೆ! ಖುಷಿಯಿಂದ ಕೈ ಉಜ್ಜಿಕೊಂಡು ಕೂತರು. ನಲವತ್ತು ನಿಮಿಷ ಫೋನು ನಡೆಯಿತು. ಟೈಲರಮ್ಮ ಆಡಿದ್ದು "ಹೌದಾ?", "ಆಮೇಲೆ?", "ಪಾಪ" ಇಷ್ಟೇ. ಬಲಗಡೆಯ ಮುಳ್ಳು ಒಂದು ನಿಮಿಷವೂ ಸರಿಯಲಿಲ್ಲ.

ರಾಯರು ಫೋನಿನ ಕಡೆ ಕೈ ತೋರಿಸಿ ಕಣ್ಣು ಕೆಕ್ಕರಿಸಿದರು.

"ಆ ಕಡೆಯವರದ್ದು ನಮ್ಮ ಲೈನಿಗೆ ಬರಲ್ಲ" ಎಂದರು ಮಾವ. ಎಂದು, ತಾವು ಒಮ್ಮೆ ಒಂದೇ ಟಿಕೆಟ್ಟಿನಲ್ಲಿ ಹೋಗುತ್ತಿದ್ದ ಏಳು ಜನರನ್ನು ಹಿಡಿದ ಕತೆಯನ್ನು ಮೂರನೆಯ ಸಲ ಶುರು ಮಾಡಿದರು. ಅವರ ಮಾತಿಗೆ ಗಡಿಯಾರವಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಡುಮನೆ ತುಂಬ ಗಂಡಸರು. ಮೇಲಿನ ಮನೆಯ ವೈರ್‌ಮನ್ ಟಾರ್ಚ್ ಹಿಡಿದು ಬಂದಿದ್ದ. "ಷಾಕ್ ಹೊಡೆದವರು ಹೀಗೇ ಆಗೋದು. ಬಾಯಿ ತೆಗೀರಿ, ನೋಡಣ." ಎದುರು ಮನೆಯ ಡ್ರೈವರು "ಷಾಕೂ ಇಲ್ಲ ಮಣ್ಣೂ ಇಲ್ಲ, ಹೆಂಡ್ತಿ ಮೇಲೆ ಕೋಪ" ಎಂದ. ಇನ್ನೊಬ್ಬರು ಉಪ್ಪುನೀರು ಮುಕ್ಕಳಿಸಬೇಕೆಂದರು, ಮತ್ತೊಬ್ಬರು ಬೆನ್ನಿಗೆ ಗುದ್ದಬೇಕೆಂದರು. ಪಂದ್ಯ ಎಂದು ಟೀಸಿ ಮಾವ ಎಷ್ಟು ಹೇಳಿದರೂ ಯಾರಿಗೂ ಕೇಳಿಸಿಕೊಳ್ಳುವ ಪುರುಸೊತ್ತಿರಲಿಲ್ಲ, ಎಲ್ಲರೂ ಮಾತಾಡುತ್ತಿದ್ದರು. ಈ ತಳ್ಳಾಟದಲ್ಲಿ ವೈರ್‌ಮನ್ನನ ಸೊಂಟ ತಾಗಿ ಮೇಜಿನ ಡ್ರಾಯರ್ ಧಡಕ್ಕನೆ ಮುಚ್ಚಿಕೊಂಡಿತು. ರಾಯರ ಹೆಬ್ಬೆರಳು ಒಳಗೇ ಇತ್ತು.

"ಅಯ್ಯಯ್ಯಪ್ಪೋ!"

"ಎರಡು ಸೆಕೆಂಡು" ಎಂದರು ಮಾವ.

"ಅದು ಮಾತಲ್ಲ ಮಾವ!" ರಾಯರ ಕಟ್ಟೆ ಒಡೆಯಿತು. "ಅದು ನೋವು! ನೋವಿಗೆ ವ್ಯಾಕರಣ ಇದೆಯಾ? ಮಗು ಹುಟ್ಟಿದ ಕೂಡ್ಲೇ ಅಳುತ್ತಲ್ಲ, ಅದು ಭಾಷಣಾನಾ? ನ್ಯಾಯ ಅಂದ್ರೆ ನ್ಯಾಯ..." ನ್ಯಾಯ ಎಂದರೇನು ಎಂಬುದನ್ನು ಅವರು ನಾಲ್ಕು ನಿಮಿಷ ವಿವರಿಸಿದರು. ಮಾವ ಶಾಂತವಾಗಿ ಗುಂಡಿ ಒತ್ತಿ ಹಿಡಿದಿದ್ದರು. ಕೊನೆಗೆ ಎರಡು ಸೆಕೆಂಡನ್ನು ದೊಡ್ಡ ಮನಸ್ಸು ಮಾಡಿ ಮಾಫಿ ಮಾಡಿದರು. ನಾಲ್ಕು ನಿಮಿಷ ಹಾಗೇ ಉಳಿಯಿತು. ಜನರೆಲ್ಲ "ಮಾತು ಬಂತಲ್ಲ, ನಮ್ಮ ಔಷಧಿಯೇ ಕೆಲಸ ಮಾಡ್ತು" ಎಂದು ಹರಡಿಹೋದರು.

ಐದೂವರೆಗೆ ಲೆಕ್ಕ ಹೀಗಿತ್ತು. ರಾಯರದು ಮೂವತ್ತು ನಿಮಿಷ. ಟೈಲರಮ್ಮನದು ಇಪ್ಪತ್ತೊಂಬತ್ತು ನಿಮಿಷ ಇಪ್ಪತ್ತು ಸೆಕೆಂಡು. ಇನ್ನು ನಲವತ್ತೇ ಸೆಕೆಂಡು. ಆಕೆ ಅಷ್ಟು ಮಾತಾಡಿದರೆ ಕೋಣೆ ಇವರದು. ಆದರೆ ಆಕೆ ಗುಂಡುಸೂಜಿ ಕಚ್ಚಿಕೊಂಡು ಒಂದು ಗಂಟೆಯಿಂದ ಉಸಿರೆತ್ತಿರಲಿಲ್ಲ. ರಾಯರು ಮಬ್ಬು ಬೆಳಕಿನಲ್ಲಿ ಒಂದು ಚಕ್ರವನ್ನು ಕೂರಿಸಲು ನೋಡಿದರು. ಆಗಲಿಲ್ಲ. ಇನ್ನು ಬಾಳೆಲ್ಲ ಹೀಗೇ ಎಂದುಕೊಂಡು ಚಿಮಟ ಕೆಳಗಿಟ್ಟರು.

ಅಷ್ಟರಲ್ಲಿ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ ಬಂದರು. ಮೂರು ವರ್ಷದಿಂದ ಆ ಹುದ್ದೆಯನ್ನು ಇನ್ನೊಬ್ಬರ ತಲೆಗೆ ಕಟ್ಟಲು ಮನೆಮನೆಯ ಬಾಗಿಲು ತಟ್ಟಿ, ಎಲ್ಲ ಕಡೆ "ಆಗಲ್ಲ ಸ್ವಾಮಿ" ಎನ್ನಿಸಿಕೊಂಡವರು. ಎರಡನೇ ಮಹಡಿಯಲ್ಲಿ ಆಗಲ್ಲ ಎನ್ನಲಾಗದ ಮನುಷ್ಯ ಒಬ್ಬ ಕೂತಿದ್ದಾನೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ರಿಜಿಸ್ಟರನ್ನು ಕಂಕುಳಲ್ಲಿಟ್ಟು ಓಡಿಬಂದಿದ್ದರು.

"ರಾಯರೇ, ಮುಂದಿನ ಕಾರ್ಯದರ್ಶಿ ಸ್ಥಾನಕ್ಕೆ ನಿಮ್ಮ ಹೆಸರು ಸೂಚಿಸಿದೀನಿ. ಆಕ್ಷೇಪಣೆ ಇದ್ರೆ ಈಗ್ಲೇ ಹೇಳ್ಬಿಡಿ."

ರಾಯರು ಎರಡೂ ಕೈ ಜೋರಾಗಿ ಅಲ್ಲಾಡಿಸಿದರು.

"ಛೆ ಛೆ, ವಿನಯ ಸಾಕು! ನಿಮ್ಮಂಥೋರೇ ಬೇಕು."

ಟೈಲರಮ್ಮ ಸೂಜಿಗಳನ್ನು ಉಗಿದು ಎದ್ದು ನಿಂತರು. "ಬೇಡ ಬೇಡ! ಅವರಿಗೆ ಆಗಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಬಗ್ಗಿ ಕೂತು ಕೆಲಸ ಮಾಡೋರು ಅವರು. ಈ ಕಾರ್ಯದರ್ಶಿ ಕೆಲಸದಿಂದ ನಿಮ್ಮ ಮನೆ ಏನಾಗಿದೆ ಅಂತ ನಿಮ್ಮ ಮನೆಯವರು ನನ್ನತ್ರ ಅತ್ತಿದಾರೆ..."

ಮಾವನ ಬಲ ಹೆಬ್ಬೆರಳು ಕೆಳಗಿಳಿದಿತ್ತು. ರಾಯರಿಗೆ ಕಾರ್ಯದರ್ಶಿ ಕಾಣಲಿಲ್ಲ, ರಿಜಿಸ್ಟರ್ ಕಾಣಲಿಲ್ಲ, ಬಲಗಡೆಯ ಮುಳ್ಳೊಂದೇ ಕಂಡಿತು. ಹತ್ತು ಸೆಕೆಂಡು. ಹದಿನೈದು. ಹೇಳು, ಹೇಳು ಎಂದು ಕೈಯಿಂದ ಹುರಿದುಂಬಿಸಿದರು.

"ಅಮ್ಮಾ, ರಿಜಿಸ್ಟರಲ್ಲಿರೋದು ಅವರ ಹೆಸರು. ಅವರೇ ಬಾಯಿಬಿಟ್ಟು ಹೇಳ್ಲಿ" ಎಂದರು ಕಾರ್ಯದರ್ಶಿ.

ಟೈಲರಮ್ಮ ಗಂಡನ ಭುಜ ಹಿಡಿದು ಅಲ್ಲಾಡಿಸಿದರು. "ಹೇಳ್ರೀ! ಆಗಲ್ಲ ಅನ್ರೀ! ಪಂದ್ಯ ಹಾಳಾಗ್ಲಿ, ಕೋಣೆ ನೀವೇ ಇಟ್ಕೊಳ್ಳಿ, ನಾನೇ ಬಿಟ್ಟುಕೊಡ್ತೀನಿ! ಬಾಯಿ ಬಿಡ್ರೀ ನಿಮ್ಮ ದಮ್ಮಯ್ಯ!"

ಆಹಾ, ಬಾಯಿ ಬಿಡಿಸುವ ಉಪಾಯ! ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವನಿಗೆ ಇಷ್ಟೂ ತಿಳಿಯದೇ? ರಾಯರು ತುಟಿ ಬಿಗಿದು ಹೆಂಡತಿಗೆ ಕಣ್ಣು ಹೊಡೆದರು. ಮುಳ್ಳು ನಲವತ್ತು ದಾಟಿ ಮುಂದೆ ಹೋಯಿತು. ಆ ಸಂತೋಷಕ್ಕೆ ಅವರ ತಲೆ ತಾನಾಗಿಯೇ ಮೇಲೆ ಕೆಳಗೆ ಆಡಿತು.

"ಅವಿರೋಧ ಆಯ್ಕೆ" ಎಂದು ಬರೆದುಕೊಂಡು ಕಾರ್ಯದರ್ಶಿ ಒಂದೇ ಉಸಿರಿಗೆ ಮೆಟ್ಟಿಲಿಳಿದರು.

ಆರು ಹೊಡೆಯಿತು. "ಗೆದ್ದೆ!" ಎಂದು ರಾಯರು ಕುಣಿದರು. ಹಿಡಿದಿಟ್ಟಿದ್ದ ಒಂದು ದಿನದ ಮಾತು ನಲ್ಲಿ ಬಿಟ್ಟಂತೆ ಸುರಿಯಿತು. ಮೇಜು ಎಲ್ಲಿಡಬೇಕು, ದೀಪ ಎಲ್ಲಿ ತೂಗಬೇಕು, ಉಪಕರಣದ ಪೆಟ್ಟಿಗೆ ಯಾವ ಗೋಡೆಗೆ. ಟೈಲರಮ್ಮ ತಲೆ ಮೇಲೆ ಕೈಹೊತ್ತು ಕೂತಿದ್ದರು. ಸೋತದ್ದಕ್ಕೆ ಬೇಜಾರು ಎಂದುಕೊಂಡರು ರಾಯರು.

ಮೆಟ್ಟಿಲ ಮೇಲೆ ದಡಬಡ ಸದ್ದಾಯಿತು. ಮೊದಲು ಒಂದು ಕಬ್ಬಿಣದ ಕಪಾಟು ಒಳಗೆ ಬಂತು. ಅದರ ಹಿಂದೆ ಇನ್ನೊಂದು. ಹನ್ನೆರಡು ಮಡಿಸುವ ಕುರ್ಚಿ, ಎರಡು ಪೇಂಟ್ ಡಬ್ಬ, ಒಂದು ಏಣಿ, 'ಸಂಘದ ಕಚೇರಿ' ಎಂಬ ಬೋರ್ಡು. ಅವುಗಳ ಹಿಂದೆ, ಬೇರೆಲ್ಲೂ ಹೋಗಲು ಜಾಗವಿಲ್ಲದ ಐವರು ಸಮಿತಿ ಸದಸ್ಯರು.

"ಎಲ್ಲಿಗೆ ತರ್ತಿದೀರಿ?" ರಾಯರು ಏಣಿಗೆ ಅಡ್ಡ ನಿಂತರು.

"ಕಚೇರಿ ಯಾವಾಗ್ಲೂ ಕಾರ್ಯದರ್ಶಿ ಮನೇಲಿ ಸ್ವಾಮಿ, ಸಂಘದ ನಿಯಮ" ಎಂದರು ಹಳೆಯ ಕಾರ್ಯದರ್ಶಿ. ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು. "ಬಾಗಿಲಿರೋ ಕೋಣೆ ಇದ್ರೆ ಅದರಲ್ಲಿ. ನಿಮ್ಮ ನರ್ಸಮ್ಮನ ಕೋಣೆ ಖಾಲಿ ಇದೆಯಲ್ಲ? ಏನು ಬೆಳಕು ಏನು ಬೆಳಕು! ಇವರೆಲ್ಲ ಬೆಳಗ್ಗೆ ಒಂಬತ್ತಕ್ಕೆ ಬರ್ತಾರೆ, ಸಂಜೆ ಏಳಕ್ಕೆ ಏಳ್ತಾರೆ. ಭಾನುವಾರ ಸ್ವಲ್ಪ ತಡ ಆಗುತ್ತೆ."

"ನನಗೆ ಆಗಲ್ಲ! ನನಗೆ ಆಗೋದೇ ಇಲ್ಲ!"

"ಆಗ ಹೇಳ್ಬೇಕಿತ್ತು" ಎಂದರು ಟೀಸಿ ಮಾವ. ಗಡಿಯಾರ ಕೆಳಗಿಟ್ಟು, ತಾವೂ ಒಂದು ಕುರ್ಚಿ ಬಿಡಿಸಿಕೊಂಡು ಒಳಗೆ ಹೋದರು.

ಕಿಟಕಿ ಕೋಣೆಯಲ್ಲಿ ಸಭೆ ಶುರುವಾಯಿತು. ನೀರಿನ ಟ್ಯಾಂಕು ತೊಳೆಸುವ ವಿಷಯ ಎತ್ತಿಕೊಂಡವರು ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರುಮಾಡುತ್ತ, ಆರೂ ಜನ ಆರು ದಾರಿ ಹಿಡಿದು, ಅರ್ಧ ಗಂಟೆಯಾದರೂ ಟ್ಯಾಂಕಿನ ಮುಚ್ಚಳ ತೆಗೆದಿರಲಿಲ್ಲ. ಗೋಡೆಗೆ ನೇತುಹಾಕಿದ್ದ ಗಡಿಯಾರಗಳ ಸದ್ದು ಆ ಗಲಾಟೆಯಲ್ಲಿ ಕೇಳಿಸದಂತಾಯಿತು.

ರಾಯರು ನಡುಮನೆಯ ತಮ್ಮ ಹಳೆಯ ಮೂಲೆಯಲ್ಲಿ ಕೂತರು. ಟೈಲರಮ್ಮ ತಮ್ಮ ಯಂತ್ರವನ್ನು ಕರಕರ ಎಂದು ಗೋಡೆಯ ಕಡೆಗೆ ಎಳೆದು, ಗಂಡನ ಮೇಜನ್ನು ಕಿಟಕಿಯ ನೇರಕ್ಕೆ ನೂಕಿದರು.

"ಮತ್ತೆ ನಿನಗೆ ಬೆಳಕು?"

"ನನ್ನ ಬೆರಳಿಗೆ ದಾರಿ ಗೊತ್ತು" ಎಂದರು ಆಕೆ, ಮೆಲ್ಲಗೆ. "ನಿಮ್ಮ ಕಣ್ಣು ನನಗೆ ಗೊತ್ತಿಲ್ವಾ? ಸೂಜಿಗೆ ದಾರ ಪೋಣಿಸಿ ಕೊಡಿ ಅಂದ್ರೆ ಒಂದು ತಿಂಗಳಿಂದ ಪಕ್ಕದ ಗಾಳಿಗೆ ಪೋಣಿಸ್ತಿದೀರಿ."

ಹಾಗಾದರೆ ಆಕೆ ಪಂದ್ಯ ಬಿಟ್ಟುಕೊಟ್ಟದ್ದು ಉಪಾಯವಲ್ಲ. ರಾಯರ ಕಣ್ಣು ತುಂಬಿತು. ಹೆಂಡತಿಗೆ ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಬಾಯಿ ತೆಗೆದರು.

ಅಷ್ಟರಲ್ಲಿ ಕಿಟಕಿ ಕೋಣೆಯ ಬಾಗಿಲು ತೆರೆದು ಸಮಿತಿಯ ಹಿರಿಯರೊಬ್ಬರು ತಲೆ ಹೊರಗೆ ಹಾಕಿದರು.

"ಕಾರ್ಯದರ್ಶಿಗಳೇ, ಒಳಗೆ ಸಭೆ ನಡೀತಿದೆ. ನಿಮ್ಮ ಮನೆಯವರಿಗೆ ಸ್ವಲ್ಪ ಸುಮ್ನಿರೋಕೆ ಹೇಳ್ತೀರಾ? ಈ ಹೆಂಗಸರ ಮಾತಲ್ಲಿ ನಮಗೆ ಏನೂ ಕೇಳಿಸ್ತಿಲ್ಲ."

ಎಂದವರೇ ಒಳಗಿನಿಂದ ಬಾಗಿಲು ಹಾಕಿಕೊಂಡರು.