ಅವ್ವನ ಕೈ ಮತ್ತು ಎಂಟು ಅನುಮಾನಗಳು

ನೈಸರ್ಗಿಕ ಎಂದು ಯಾರಾದರೂ ಬಾಟಲಿ ತೋರಿಸಿದರೆ ನಾನು ಮೊದಲು ಮುಚ್ಚಳ ತೆಗೆದು ವಾಸನೆ ನೋಡುತ್ತೇನೆ, ಆಮೇಲೆ ಬಾಟಲಿ ಹಿಡಿದವರ ಮುಖ ನೋಡುತ್ತೇನೆ. ಎಷ್ಟೇ ನೋಡಿದರೂ ಮೋಸ ಹೋಗುವುದು ತಪ್ಪಿಲ್ಲ.

ನಾನು ಬಿಎಸ್ಸಿ, ರಸಾಯನಶಾಸ್ತ್ರ. ತಾಂಡೂರಿನ ಒಂದು ಜೂನಿಯರ್ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಅಪ್ಪ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಅವ್ವ ಊರಿನ ಒಂದು ಮೆಸ್ಸಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಭಾಂಡಿ ತಿಕ್ಕುವ ಪುಡಿಯಿಂದ ಅವ್ವನ ಅಂಗೈ ಕೆಂಪಾಗಿ ಬಿರಿಯತೊಡಗಿತು. ಪುಡಿ ಮುಟ್ಟಬೇಡಿ ಎಂದು ಹೇಳಿ ಡಾಕ್ಟರು ಮುಲಾಮು ಬರೆದುಕೊಟ್ಟರು. "ಮುಲಾಮು ಹಚ್ಚಿದ ಕೈಲೆ ರೊಟ್ಟಿ ಬಡಿದ್ರ ಮಂದಿ ಏನು ತಿನ್ನಬೇಕು?" ಎಂದು ಅವ್ವ ಅದನ್ನು ಅಪ್ಪನ ಹಿಮ್ಮಡಿಗೆ ಹಚ್ಚಿದಳು. ರಬ್ಬರಿನ ಕೈಗವಸು ತಂದುಕೊಟ್ಟೆ. ಮೊದಲನೇ ದಿನವೇ ಎರಡು ಗಂಗಾಳ ಜಾರಿ ಬಿದ್ದು ನೆಗ್ಗಿದವು. ಕೈಗವಸು ಮೂಲೆ ಸೇರಿತು.

ಅಷ್ಟರಲ್ಲಿ ಮೆಸ್ಸಿನ ಮಾಲೀಕ ಅವ್ವನ ಕೈ ನೋಡಿಬಿಟ್ಟ. "ಅಮ್ಮಾ, ಒಂದು ತಿಂಗಳು ನೋಡ್ತೀನ್ರಿ. ಆಮ್ಯಾಗ ಬ್ಯಾರೆ ಕಡಿ ರೊಟ್ಟಿ ಹೇಳ್ತೀನಿ" ಎಂದ.

ತಿಂಗಳೊಳಗೆ ಕೈ ವಾಸಿಯಾಗಬೇಕು, ಪುಡಿಯ ಬದಲು ನಿರಪಾಯದ್ದೊಂದು ಸಿಗಬೇಕು. ನಾನು ನೋಟ್‌ಬುಕ್ ತೆರೆದೆ.

ಒಂದು: ಬಂಡಿಯವನು

ಲ್ಯಾಬಿಗೆ ಗಾಜಿನ ಸಾಮಾನು ತರಲು ಜಹೀರಾಬಾದಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹೊರಗೆ ಒಬ್ಬ ತಳ್ಳುಬಂಡಿಯಲ್ಲಿ ಹಸಿರು ಬಾಟಲಿ ಮಾರುತ್ತಿದ್ದ. ಪಾತ್ರೆ, ನೆಲ, ಬಟ್ಟೆ, ತಲೆ, ಎಲ್ಲಕ್ಕೂ ಒಂದೇ.

"ಇದರಾಗ ಕೆಮಿಕಲ್ ಒಂದು ಚುಕ್ಕಿ ಇಲ್ಲ ಸರ್. ಬರೇ ಬೇವು, ಅಂಟವಾಳ, ನೀರು."

"ನೀರೂ ಕೆಮಿಕಲ್ಲೇ" ಎಂದೆ.

"ಹಂಗಾದ್ರ ನೀರೂ ಇಲ್ಲ ಸರ್."

ನನ್ನ ಅನುಮಾನ ಗಟ್ಟಿಯಾಯಿತು. ಕಿಸೆಯಲ್ಲಿ ಅರಿಶಿಣ ಸವರಿ ಒಣಗಿಸಿದ ಕಾಗದದ ಚೂರುಗಳಿದ್ದವು. ಸೋಡಾದಂಥ ಕ್ಷಾರ ತಾಗಿದರೆ ಅರಿಶಿಣ ಕೆಂಪಾಗುತ್ತದೆ. ಅಂಥದ್ದು ಅವ್ವನ ಕೈಗೆ ಪುಡಿಯಷ್ಟೇ ಕೆಟ್ಟದ್ದು. ನಾಲ್ಕು ಜನ ನೋಡಲಿ ಎಂದು ಎಲ್ಲರೆದುರೇ ಕಾಗದದ ಮೇಲೆ ಒಂದು ಹನಿ ಹಾಕಿದೆ. ಕಾಗದ ರಕ್ತದ ಬಣ್ಣಕ್ಕೆ ತಿರುಗಿತು.

"ನೋಡ್ರಿ!" ಎಂದೆ.

ಬಂಡಿಯವನ ಮುಖ ಬಿಳಿಚಿತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಮುದುಕಿ ಎರಡೂ ಕೈ ಮುಗಿದಳು. "ಯವ್ವಾ, ಅರಿಶಿಣ ಹೋಗಿ ಕುಂಕುಮ ಆತಲ್ಲ! ನನಗ ಎರಡು ಕೊಡಪಾ."

ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಆರು ಬಾಟಲಿ ಹೋದವು. ಹದಿನೈದು ದಿನ ಬಿಟ್ಟು ಮತ್ತೆ ಹೋದಾಗ ಬಂಡಿಯ ಮೇಲೆ ಅರಿಶಿಣ ಸವರಿದ ಕಾಗದದ ಕಟ್ಟೇ ಇತ್ತು. ನನ್ನನ್ನು ಕಂಡು ಅವನು ಚಹಾ ತರಿಸಿದ.

ಎರಡು: ಅಡುಗೆಮನೆಯ ನೆಲ

ಪೇಟೆಯ ಮಾಲಿನ ಮೇಲೆ ನಂಬಿಕೆ ಹೋಯಿತು. ನಾನೇ ತಯಾರಿಸುವುದೆಂದು ನಿರ್ಧರಿಸಿದೆ. ಅವ್ವನ ಕೈಗೆ ನೆಲ ಒರೆಸುವ ಫಿನೈಲೂ ತಾಗುತ್ತಿತ್ತು. ಆದ್ದರಿಂದ ಮೊದಲು ನೆಲ.

ನಿಂಬೆಹಣ್ಣಿನ ರಸ, ಸಿಪ್ಪೆ ಸಮೇತ ಕುದಿಸಿದ ನೀರು, ಸ್ವಲ್ಪ ಹುಣಸೆ. ಮೊದಲು ಸ್ಟೀಲಿನ ತಟ್ಟೆಯ ಮೇಲೆ ಪರೀಕ್ಷಿಸಿದೆ, ಹೊಳೆಯಿತು. ತಾಮ್ರದ ಚೊಂಬಿನ ಮೇಲೆ ಪರೀಕ್ಷಿಸಿದೆ, ಇನ್ನೂ ಹೊಳೆಯಿತು. ನೋಟ್‌ಬುಕ್‌ನಲ್ಲಿ ಎರಡೂ ಕಡೆ ಸರಿ ಗುರುತು ಹಾಕಿ, ಅವ್ವ ಮೆಸ್ಸಿಗೆ ಹೋದಾಗ ಅಡುಗೆಮನೆಯ ನೆಲಕ್ಕೆ ಧಾರಾಳವಾಗಿ ಸುರಿದೆ. ಚೆನ್ನಾಗಿ ನೆನೆಯಲಿ ಎಂದು ಒಂದು ತಾಸು ಬಿಟ್ಟೆ.

ಅದು ಅಪ್ಪ ತಾನೇ ಕಾರ್ಖಾನೆಯಲ್ಲಿ ಆರಿಸಿ, ತಾನೇ ಪಾಲಿಶ್ ಮಾಡಿ ಹಾಕಿದ ತಾಂಡೂರು ಕಲ್ಲು. ಮುಖ ಕಾಣುತ್ತಿತ್ತು.

ಅಪ್ಪ ಸಂಜೆ ಬಂದಾಗ ಕಾಣುತ್ತಿರಲಿಲ್ಲ. ನೆಲದ ತುಂಬ ಬಿಳಿ ಮಚ್ಚೆ. ಅಪ್ಪ ಮಂಡಿಯೂರಿ ಒಂದು ಮಚ್ಚೆಯನ್ನು ಉಗುರಿನಿಂದ ಕೆರೆದು ನೋಡಿದ. ಬಹಳ ಶಾಂತವಾಗಿ ಕೇಳಿದ.

"ತಮ್ಮಾ, ಈ ಕಲ್ಲು ಏನದ?"

"ಸುಣ್ಣದಕಲ್ಲು. ಕ್ಯಾಲ್ಸಿಯಂ ಕಾರ್ಬೊನೇಟ್."

"ನಿಂಬಿಹಣ್ಣಿನ್ಯಾಗ ಏನದ?"

"ಆಸಿಡ್."

"ಕಲ್ಲಿಗೆ ಆಸಿಡ್ ಬಿದ್ರ ಏನಾಗ್ತದ, ಗೊತ್ತಿತ್ತು?"

"ಗೊತ್ತಿತ್ತು."

ಅಪ್ಪ ಎದ್ದು ಕೈ ಝಾಡಿಸಿಕೊಂಡ. "ಪರೀಕ್ಷಾದಾಗ ಎರಡೂ ಬ್ಯಾರೆ ಬ್ಯಾರೆ ಪೇಪರಿನ್ಯಾಗ ಬರ್ತಾವೇನು?"

ಮೂರು: ಚಿಕ್ಕವ್ವನ ಮರ

ನಾರಾಯಣಖೇಡದ ಚಿಕ್ಕವ್ವನ ಹಿತ್ತಲಲ್ಲಿ ಅಂಟವಾಳದ ಮರವಿದೆ. ಕಾಯಿ ನೆನೆಸಿ ಕಿವುಚಿದರೆ ನೊರೆ ಬರುತ್ತದೆ. ಸೋಡಾ ಇಲ್ಲ, ನಿಂಬೆ ಇಲ್ಲ. ಕಣ್ಣಾರೆ ಮರದಿಂದ ಉದುರಿಸಿಕೊಂಡರೆ ಕಲಬೆರಕೆಯ ಅನುಮಾನವೂ ಇಲ್ಲ.

ಚಿಕ್ಕವ್ವ ಚೀಲ ತುಂಬಿಸಿ ಕೊಟ್ಟಳು. ಮೇಲೆ ಒಂದು ಭಾಷಣ. "ಇದರಂಥಾದ್ದು ಯಾವದೂ ಇಲ್ಲ ತಮ್ಮಾ. ಇದರಿಂದ ತಲಿ ತೊಳಕೊಂಡ್ರ ಕೂದಲ ಮೊಣಕಾಲ ತನಕ ಬರ್ತಾವ. ಈಗಿನ ಮಂದಿ ಶಾಂಪೂ ಅಂತ ಸಾಯ್ತಾರ. ವಿಷ ಅದು, ವಿಷ."

ಕೈ ತೊಳೆಯಲು ಬಚ್ಚಲಿಗೆ ಹೋದೆ. ಗೂಡಿನಲ್ಲಿ ಶಾಂಪೂ ಪೊಟ್ಟಣಗಳ ಮಾಲೆ ನೇತಾಡುತ್ತಿತ್ತು. ಹರಿದ ಮೂರು ಪೊಟ್ಟಣ ಕೆಳಗೆ ಬಿದ್ದಿದ್ದವು. ಇನ್ನೂ ಒದ್ದೆಯಾಗಿದ್ದವು.

"ಚಿಕ್ಕವ್ವಾ, ಇವು ಯಾರವು?"

"ನನ್ನವೇ."

"ಮತ್ತ ಅಂಟವಾಳ?"

"ಕಣ್ಣಾಗ ಹೋದ್ರ ಭಾಳ ಉರೀತದ."

"ಈಗಷ್ಟೇ ಅದರಂಥಾದ್ದು ಇಲ್ಲ ಅಂದಿ."

"ಛಲೋ ಅದ ಅಂದೆ" ಎಂದಳು ಚಿಕ್ಕವ್ವ. "ನಾ ಹಚ್ಕೋತೀನಿ ಅಂತ ಯಾವಾಗ ಅಂದೆ?"

ನಾಲ್ಕು: ಅನುಮಾನಗಳ ಪಟ್ಟಿ

ಆದರೂ ಅಂಟವಾಳ ಕೆಲಸ ಮಾಡಿತು. ಪ್ರತಿ ರಾತ್ರಿ ನಾನೇ ನೆನೆಹಾಕಿ ಬೆಳಿಗ್ಗೆ ಸೋಸಿ ಡಬ್ಬಿಯಲ್ಲಿ ಇಡುತ್ತಿದ್ದೆ. ಅವ್ವ ನನ್ನೆದುರೇ ಅದರಿಂದ ಭಾಂಡಿ ತಿಕ್ಕುತ್ತಿದ್ದಳು. ಪುಡಿಯ ಪಾಕೀಟನ್ನು ಮನೆಯಿಂದ ಹೊರಗೆ ಹಾಕು ಎಂದಿದ್ದೆ. "ಹಾಕೀನಿ" ಎಂದಿದ್ದಳು. ಭಾಂಡಿ ಥಳಥಳ ಎನ್ನುತ್ತಿದ್ದವು. ನೋಟ್‌ಬುಕ್‌ನಲ್ಲಿ ಬರೆದೆ: ಸ್ವಚ್ಛತೆ ಅತ್ಯುತ್ತಮ, ನಿರೀಕ್ಷೆ ಮೀರಿ.

ಕೈ ಮಾತ್ರ ವಾಸಿಯಾಗಲಿಲ್ಲ. ಹತ್ತು ದಿನಕ್ಕೆ ಇನ್ನೂ ಬಿರಿಯಿತು. ಅವ್ವ ರೊಟ್ಟಿ ಬಡಿಯುವಾಗ ತುಟಿ ಕಚ್ಚುತ್ತಿದ್ದಳು. ಮಾಲೀಕ ಕೊಟ್ಟ ತಿಂಗಳಲ್ಲಿ ಇನ್ನು ಹದಿನೈದು ದಿನ ಉಳಿದಿದ್ದವು.

ಕಾರಣ ಬೇರೆಯೇ ಇರಬೇಕೆಂದು ಪಟ್ಟಿ ಮಾಡಿದೆ. ಬೋರಿನ ನೀರು. ಬಳೆ. ರೊಟ್ಟಿಯ ಬಿಸಿನೀರು. ಹಿಟ್ಟಿನ ಗಿರಣಿ. ಪಕ್ಕದ ಮನೆಯ ಕಾಕು ತಂದುಕೊಟ್ಟ ಲೋಳೆಸರ. ಅಪ್ಪನ ಅಂಗಿಯ ಕಲ್ಲುಪುಡಿ. ಬಟ್ಟೆಸೋಪು. ಚಿಕ್ಕವ್ವ. ಒಟ್ಟು ಎಂಟು.

ಅಪ್ಪ ಕನ್ನಡಕ ಹಾಕಿಕೊಂಡು ಓದಿದ. "ನಾನೂ ಇದೀನಲ್ಲ?"

"ಆರನೇದು."

"ನಿಮ್ಮ ಚಿಕ್ಕವ್ವ ಎಂಟನೇದು. ಅಕಿಗಿಂತ ನನ್ನ ಮ್ಯಾಲೇ ಹೆಚ್ಚು ಅನುಮಾನ?"

ಒಂದೊಂದಾಗಿ ತೆಗೆದು ನೋಡಿದೆ. ಬಳೆ ಬಿಚ್ಚಿಸಿದೆ. ಗಿರಣಿ ಬದಲಿಸಿದೆ. ಅಪ್ಪ ಮೂರು ದಿನ ತನ್ನ ಅಂಗಿ ತಾನೇ ಒಗೆದುಕೊಂಡ, ಪ್ರತಿ ಅಂಗಿಯನ್ನೂ ನನ್ನ ಮುಂದೆ ಝಾಡಿಸಿ ತೋರಿಸಿದ. ಕಾಕುವಿನ ಲೋಳೆಸರ ವಾಪಸ್ ಕೊಟ್ಟೆ. ಕಾಕು ಅವ್ವನಿಗೆ ಹೇಳಿದಳಂತೆ: "ನಿನ್ನ ಮಗ ಪೊಲೀಸಿಗೆ ಹೋಗಬೇಕಿತ್ತು."

ಎಂಟೂ ಮುಗಿದವು. ಕೈ ಹಾಗೆಯೇ ಇತ್ತು.

ಐದು: ಮರೆತ ಟಿಫಿನ್ ಡಬ್ಬಿ

ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟವನು ಟಿಫಿನ್ ಡಬ್ಬಿ ಮರೆತು ಅರ್ಧ ದಾರಿಯಿಂದ ತಿರುಗಿ ಬಂದೆ. ಹಿತ್ತಲಲ್ಲಿ ಗಂಗಾಳದ ಸದ್ದು. ವಿಚಿತ್ರ ಎನಿಸಿತು. ಭಾಂಡಿ ತಿಕ್ಕಿ ಮುಗಿದದ್ದನ್ನು ನೋಡಿಯೇ ಮನೆ ಬಿಟ್ಟಿದ್ದೆ.

ಅವ್ವ ಕೂತು ತಿಕ್ಕುತ್ತಿದ್ದಳು. ಅವೇ ಗಂಗಾಳ, ಅವೇ ಚೊಂಬು. ಪಕ್ಕದಲ್ಲಿ ಪುಡಿಯ ಪಾಕೀಟು. ಮೊಣಕೈ ತನಕ ಬಿಳಿ ನೊರೆ.

"ಅವ್ವಾ! ಪಾಕೀಟು ಹೊರಗ ಹಾಕೀನಿ ಅಂದಿದ್ದಿ."

"ಇದು ಹೊರಗೇ ಅದಲ್ಲ? ಹಿತ್ತಲ."

"ಭಾಂಡಿ ಆಗಲೇ ಅಂಟವಾಳದಿಂದ ತೊಳೆದಿದ್ದಿ."

"ಹೂಂ. ಈಗ ಅದನ್ನ ತೊಳೀಬೇಕಲ್ಲ?"

"ಯಾವದನ್ನ?"

"ಅಂಟವಾಳಾನ" ಎಂದಳು, ತಿಕ್ಕುವುದನ್ನು ನಿಲ್ಲಿಸದೆ. "ಕಹಿ ಅದು. ವಾಸನಿ ಬ್ಯಾರೆ. ಅದು ಹತ್ತಿದ ಗಂಗಾಳದಾಗ ಹಂಗೇ ಉಣ್ಣಾಕ ಆಗ್ತದೇನು? ಅದಕ್ಕ ದಿನಾ ಜರಾ ಹೆಚ್ಚಿಗೇ ಪುಡಿ ಹಾಕ್ತೀನಿ."

"ಮೊದಲೇ ಹೇಳಬಾರದಿತ್ತಾ?"

"ಪಾಪ, ಅಷ್ಟು ದೂರ ಹೋಗಿ ತಂದೀದಿ. ಮ್ಯಾಲ ದಿನಾ ಬರಕೋತಿದ್ದಿ. ಬ್ಯಾಡ ಅಂದ್ರ ಮನಸಿಗೆ ಹತ್ತತದ ಅಂತ ಸುಮ್ಮನಿದ್ದೆ."

ನನ್ನ ಪ್ರಯೋಗ ಶುರುವಾದಂದಿನಿಂದ ಅವ್ವ ಪುಡಿ ಮುಟ್ಟುವುದು ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ಸ್ವಚ್ಛತೆ ನಿರೀಕ್ಷೆ ಮೀರಿದ್ದು ಯಾಕೆಂದೂ ತಿಳಿಯಿತು. ನೋಟ್‌ಬುಕ್ ಮುಚ್ಚಿದೆ. ಅಂಗಿಯ ತೋಳು ಮಡಚಿದೆ. ಅವ್ವನನ್ನು ಎಬ್ಬಿಸಿ ನಾನು ಕೂತೆ. ಅಂದಿನಿಂದ ಎರಡು ಹೊತ್ತೂ ಭಾಂಡಿ ನಾನೇ ತಿಕ್ಕುತ್ತೇನೆ, ಪುಡಿಯಿಂದಲೇ. ಅವ್ವ ಪಕ್ಕದಲ್ಲಿ ಕೂತು ಒಂದೊಂದು ಗಂಗಾಳವನ್ನೂ ಬೆಳಕಿಗೆ ಹಿಡಿದು ನೋಡುತ್ತಾಳೆ. ನಾಲ್ಕರಲ್ಲಿ ಒಂದು ವಾಪಸ್ ಬರುತ್ತದೆ.

ತಿಂಗಳು ಮುಗಿಯುವಷ್ಟರಲ್ಲಿ ಕೈ ವಾಸಿಯಾಯಿತು. ಮೆಸ್ಸಿನವನು ಬಂದು, ಎರಡೂ ಅಂಗೈ ನೋಡಿ, ಮರುದಿನಕ್ಕೆ ಹೆಚ್ಚು ರೊಟ್ಟಿ ಹೇಳಿ ಹೋದ.

ಸುದ್ದಿ ತಿಳಿದು ಪಕ್ಕದ ಮನೆಯ ಕಾಕು ಬಂದಳು. ಅವ್ವನ ಕೈ ತಿರುವಿ ಮುರುವಿ ನೋಡಿದಳು. ತನ್ನ ಕೈಯೂ ಕೆಂಪಾಗಿದೆ ಎಂದು ತೋರಿಸಿದಳು.

"ಏನು ಔಷಧಿ ಅಕ್ಕಾ? ಮುಚ್ಚಿಡಬ್ಯಾಡ."

"ಔಷಧಿ ಏನಿಲ್ಲ. ನಮ್ಮ ಬಿಎಸ್ಸಿ ಭಾಂಡಿ ತಿಕ್ತಾನ."

ಕಾಕು ನನ್ನನ್ನೂ ನೊರೆಯನ್ನೂ ಅನುಮಾನದಿಂದ ನೋಡಿದಳು.

"ನನ್ನ ಮಗ ಬಿಕಾಂ ಆಗ್ಯಾನ" ಎಂದಳು. "ನಡೀತದೇನು?"

ಅವ್ವ ಕೈಯಲ್ಲಿದ್ದ ಗಂಗಾಳವನ್ನು ಬೆಳಕಿಗೆ ಹಿಡಿದು, ನನಗೇ ವಾಪಸ್ ಕೊಟ್ಟಳು.

"ಬಿಎಸ್ಸಿಗಿಂತ ಛಲೋ ಆಗಬಹುದು. ಇವಗ ಮಧ್ಯ ಮಧ್ಯ ಯೋಚನಿ ಬರ್ತಾವ."