ಹೊಟ್ಟೆಯಲ್ಲಿ ಫ್ಲಾಪಿ ಉಳಿದ ಕಂಪ್ಯೂಟರು

ನಾನು ಸತ್ತವರನ್ನು ಬದುಕಿಸುವವನು! ಗಾಬರಿಯಾಗಬೇಡಿ, ಮನುಷ್ಯರನ್ನಲ್ಲ, ಹಳೆ ರೇಡಿಯೋ ಮತ್ತು ಕಂಪ್ಯೂಟರುಗಳನ್ನು. ಜಗತ್ತು ಕೈಬಿಟ್ಟ ಯಂತ್ರ ಯಾವುದೇ ಇರಲಿ, ಅದಕ್ಕೆ ನನ್ನ ಮನೆಯ ಬಾಗಿಲು ಸದಾ ತೆರೆದಿರುತ್ತದೆ ಎಂದು ಬಹಳ ಹಿಂದೆಯೇ ಘೋಷಿಸಿದ್ದೇನೆ. ಬಾಗಿಲ ಹಿಂದೆ ಎರಡು ಮಾನಿಟರು ಕೂತಿರುವುದರಿಂದ ಅದನ್ನು ಮುಚ್ಚಲು ಬರುವುದಿಲ್ಲ ಎಂಬುದು ಬೇರೆ ಮಾತು.

ಸದ್ಯಕ್ಕೆ ಹನ್ನೊಂದು ವಾಲ್ವ್ ರೇಡಿಯೋ, ನಾಲ್ಕು ಕಂಪ್ಯೂಟರು ಇವೆ. ಊಟದ ಮೇಜು ರೇಡಿಯೋಗಳಿಗೆ ಸೇರಿದ್ದು. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇವೆ. ಹನ್ನೊಂದರಲ್ಲಿ ಮಾತಾಡುವುದು ಎರಡೇ. ಉಳಿದ ಒಂಬತ್ತರ ಪರವಾಗಿ ನನ್ನ ಹೆಂಡತಿ ಮಾತಾಡುತ್ತಾಳೆ.

ಹೋದ ತಿಂಗಳು ನಾವಿಬ್ಬರೂ ಒಂದು ಕಾಲಕ್ಕೆ ಕೆಲಸ ಮಾಡುತ್ತಿದ್ದ ಆಫೀಸಿನ ಉಗ್ರಾಣ ಖಾಲಿ ಮಾಡಿದರು. ಅಲ್ಲಿ ನಾನು ರವಾನೆ ವಿಭಾಗದ ಗುಮಾಸ್ತ, ಅವಳು ಟೈಪಿಸ್ಟು. ಮೂಲೆಯಲ್ಲಿ ಧೂಳು ಹೊದ್ದು ಕೂತಿದ್ದ ಅವಳ ಕಂಪ್ಯೂಟರನ್ನು ಪ್ರಿಂಟರಿನ ಸಮೇತ ಹೊತ್ತು ತಂದೆ. ನಮ್ಮ ಮದುವೆ ಗೊತ್ತಾಗುವುದಕ್ಕೂ ಮುಂಚೆ ಯಾವಾಗಲೋ ಅದು ಫ್ಲಾಪಿಯೊಂದನ್ನು ನುಂಗಿ ಕೆಟ್ಟು ನಿಂತಿತ್ತು. ಫ್ಲಾಪಿ ಇನ್ನೂ ಅದರ ಹೊಟ್ಟೆಯಲ್ಲೇ ಇತ್ತು. ಮುಂದಿನ ಭಾನುವಾರಕ್ಕೆ ನಮ್ಮ ಮದುವೆಯಾಗಿ ಮೂವತ್ತು ವರ್ಷ ತುಂಬುತ್ತಿತ್ತು. ಹೆಂಡತಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಉಂಟೇ!

ಅದನ್ನು ನೋಡಿದ್ದೇ ತಡ, ಅವಳ ಮುಖದ ಬಣ್ಣ ಬದಲಾಯಿತು. ಆನಂದವೆಂದುಕೊಂಡೆ.

"ಇದನ್ನ ಎಲ್ಲಿಂದ ತಂದ್ರೋ ಅಲ್ಲೇ ಬಿಟ್ಟು ಬನ್ನಿ," ಎಂದಳು.

ಯಾಕೆಂದು ಕೇಳಿದರೆ ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು. ಸಂಜೆಯ ಹೊತ್ತಿಗೆ ರಾಜಿಗೂ ಬಂದಳು: ಹನ್ನೊಂದು ರೇಡಿಯೋನೂ ಇರಲಿ, ಊಟದ ಮೇಜೂ ನಿಮ್ಮದೇ, ಬೇಕಾದರೆ ಸೋಫಾನೂ ತಗೊಳ್ಳಿ, ಇದೊಂದು ಮಾತ್ರ ಗುಜರಿಗೆ ಹೋಗಲಿ. ಬುದ್ಧಿ ನೆಟ್ಟಗಿರುವ ಯಾವ ಗಂಡನಾದರೂ ಆ ಕ್ಷಣವೇ ಒಪ್ಪಿಕೊಳ್ಳುತ್ತಿದ್ದ. ನನಗೋ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ. ನನ್ನ ಕೈಚಳಕದ ಮೇಲೆ ಇವಳಿಗೆ ಇಷ್ಟೂ ನಂಬಿಕೆ ಇಲ್ಲವೇ?

"ಭಾನುವಾರದೊಳಗೆ ಇದು ಓಡದಿದ್ರೆ ಎಲ್ಲಾನೂ ಗುಜರಿಗೆ ಹಾಕ್ತೀನಿ, ರೇಡಿಯೋನೂ ಸೇರಿಸಿ," ಎಂದೆ. "ಓಡಿದ್ರೆ, ನನ್ನ ಹವ್ಯಾಸ ದೊಡ್ಡದು ಅಂತ ನಿಮ್ಮಣ್ಣನ ಎದುರಿಗೆ ನೀನು ಒಪ್ಕೋಬೇಕು."

ಅವಳು ನನ್ನನ್ನೊಮ್ಮೆ, ಯಂತ್ರವನ್ನೊಮ್ಮೆ ನೋಡಿ, "ನಿಮ್ಮ ಕೈಲಿ ಆಗಲ್ಲ ಬಿಡಿ," ಎಂದು ನೆಮ್ಮದಿಯಿಂದ ಒಳಗೆ ಹೋದಳು. ಆ ನೆಮ್ಮದಿ ನನ್ನನ್ನು ಇನ್ನಷ್ಟು ಕೆಣಕಿತು.

ಸೋಮವಾರ ಚಿಕಿತ್ಸೆ ಶುರುವಾಯಿತು. ಬಹಳ ವರ್ಷ ಮಲಗಿದ್ದ ಯಂತ್ರಕ್ಕೆ ಏಕಾಏಕಿ ಕರೆಂಟು ಕೊಡಬಾರದು ಎಂಬುದು ಈ ಹವ್ಯಾಸದ ಮೊದಲ ಪಾಠ. ಅದನ್ನು ನಾನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ. ಹೇಳಿಕೊಟ್ಟ ಬಾಯಿ ಬೇರೆ, ಸ್ವಿಚ್ಚು ಒತ್ತಿದ ಬೆರಳು ಬೇರೆ! ಒಳಗಿದ್ದ ಕೆಪಾಸಿಟರೊಂದು ಢಂ ಎಂದು ಸಿಡಿಯಿತು. ಕಿಟಕಿಯಿಂದ ಹೊರಟ ಹೊಗೆ ಕಂಡು ಎದುರು ಮನೆಯ ದರ್ಜಿ ಬಕೆಟ್ಟಿನ ಸಮೇತ ಓಡಿಬಂದ. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಮೂರು ರೇಡಿಯೋಗಳಿಗೆ ಸ್ನಾನವಾಗಿತ್ತು.

ಮಂಗಳವಾರ ಸಿಡಿದ ಕೆಪಾಸಿಟರಿಗೆ ಬದಲಿ ಹಾಕಿ, ಕೀಲಿಮಣೆಯ ಗುಂಡಿಗಳನ್ನೆಲ್ಲ ಕಿತ್ತು ಸೋಪಿನ ನೀರಿನಲ್ಲಿ ನೆನೆಹಾಕಿದೆ. ಹೆಂಡತಿ ಅದನ್ನು ಬಟ್ಟೆ ಒಗೆದ ನೀರೆಂದು ತಿಳಿದು ಬಚ್ಚಲಿಗೆ ಸುರಿದಳು. ಮಧ್ಯಾಹ್ನವಿಡೀ ಬಚ್ಚಲಿನ ಮುಂದೆ ಮಂಡಿಯೂರಿ, ಒಂದೊಂದೇ ಅಕ್ಷರವನ್ನು ಚಿಮಟದಿಂದ ಎತ್ತಿದೆ. ಮೊದಲ ಸಲ ಓದು ಕಲಿತಾಗಲೂ ಇಷ್ಟು ಕಷ್ಟಪಟ್ಟಿರಲಿಲ್ಲ.

ಫ್ಲಾಪಿಯನ್ನು ತಿರುಗಿಸುವ ರಬ್ಬರ್ ಪಟ್ಟಿ ಕರಗಿ ಅಂಟಾಗಿತ್ತು. ಅಂಗಡಿಗಳಲ್ಲಿ ಕೇಳಿದರೆ ನಕ್ಕು ಕಳಿಸಿದರು. ಕೊನೆಗೆ ಹೆಂಡತಿ ಪಾತ್ರೆ ತೊಳೆಯಲು ಹಾಕಿಕೊಳ್ಳುವ ರಬ್ಬರ್ ಕೈಗವಸಿನಿಂದ ಒಂದು ಬಳೆಯಷ್ಟು ಅಗಲ ಕತ್ತರಿಸಿ ತೊಡಿಸಿದೆ. ತಿರುಗಿತು! ಆದರೆ ಪಟ್ಟಿಯನ್ನು ತಿರುಚಿ ಹಾಕಿದ್ದರಿಂದ ಉಲ್ಟಾ ತಿರುಗಿತು. ಅದನ್ನು ಬಿಚ್ಚುವಾಗ ಹರಿದುಹೋಗಿ, ಎರಡನೇ ಕೈಗವಸೂ ವೀರಮರಣವನ್ನಪ್ಪಿತು. ಅಂದಿನಿಂದ ಪಾತ್ರೆ ತೊಳೆಯುವ ಕೆಲಸ ನನ್ನದಾಗಿದೆ.

ಭಾನುವಾರ ಬೆಳಿಗ್ಗೆ ಹೆಂಡತಿಯ ಅಣ್ಣ, ಅಂದರೆ ನಮ್ಮ ಭಾವ ಬಂದರು. ನಿವೃತ್ತ ಹೆಡ್‌ಮಾಸ್ತರು. ಅಕ್ಷರ ಕಂಡಲ್ಲಿ ಅವರ ಕೈ ಜೇಬಿನ ಕೆಂಪು ಪೆನ್ನಿಗೆ ಹೋಗುತ್ತದೆ. ದರ್ಜಿಯನ್ನೂ ಕರೆದಿದ್ದೆ, ಬಕೆಟ್ ಬಿಟ್ಟು ಬರುವ ಷರತ್ತಿನ ಮೇಲೆ. ಸ್ವಿಚ್ಚು ಹಾಕಿದೆ. ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. ಫ್ಲಾಪಿ ಗೊರಗೊರ ಎಂದಿತು. ಅದರಲ್ಲಿದ್ದದ್ದು ಒಂದೇ ಒಂದು ಪತ್ರ.

"ಓಡ್ತಲ್ಲ, ಸಾಕು," ಎಂದಳು ಹೆಂಡತಿ, ಅಡುಗೆಮನೆಯ ಬಾಗಿಲಿನಿಂದ ಎರಡೇ ಹೆಜ್ಜೆಗೆ ಬಂದು. "ಅಣ್ಣಾ, ಇವರ ಹವ್ಯಾಸ ದೊಡ್ಡದು, ಒಪ್ಕೊಂಡೆ. ಈಗ ಅದನ್ನ ಆರಿಸಿ."

ಅಲ್ಲಿಗೇ ನಿಲ್ಲಿಸಿದ್ದರೆ ನಾನು ಇವತ್ತಿಗೂ ಗೆದ್ದ ಗಂಡ. ಆದರೆ ಗೆದ್ದವನಿಗೆ ಮೆರವಣಿಗೆ ಬೇಡವೇ? ಪ್ರಿಂಟರಿಗೆ ಆಜ್ಞೆ ಕೊಟ್ಟೆ. ಅದು ಕರ್ರ್ ಕರ್ರ್ ಎಂದು ಒಂದೊಂದೇ ಸಾಲು ಕಕ್ಕತೊಡಗಿತು. ಭಾವ ಬಗ್ಗಿ, ತರಗತಿಯ ಧ್ವನಿಯಲ್ಲಿ ಓದಿದರು.

"'ಮಾನ್ಯರೇ, ತಮ್ಮ ಪತ್ರ ತಲುಪಿತು.'"

ನೋಡಿ, ಆ ಕಾಲದ ಆಫೀಸಿನ ಗಾಂಭೀರ್ಯ ಎಂದು ನಾನು ದರ್ಜಿಗೆ ವಿವರಿಸಿದೆ.

"'ತಾವು ಒಳ್ಳೆಯವರು. ಆದರೆ ತಮ್ಮನ್ನು ಮದುವೆಯಾಗಲು ನನಗೆ ಮನಸ್ಸಿಲ್ಲ.'"

ಯಾರೋ ಪಾಪ ಎಂದು ನಾನು ಮರುಗಿದೆ. ದರ್ಜಿಯೂ ಲೊಚಗುಟ್ಟಿದ.

"'ರವಾನೆ ವಿಭಾಗದಲ್ಲಿ ತಮ್ಮ ಮೇಜಿನ ಮೇಲೆ ಬಿಚ್ಚಿಟ್ಟ ಗಡಿಯಾರ ಮೂರು, ಫ್ಯಾನು ಒಂದು ಇವೆ. ಅವನ್ನು ತಾವು ಮತ್ತೆ ಜೋಡಿಸಿದ್ದನ್ನು ನಾನು ಕಂಡಿಲ್ಲ. ನಾಳೆ ನನ್ನ ಮನೆ ಗುಜರಿ ಅಂಗಡಿಯಾಗುವುದು ನನಗೆ ಬೇಡ.'"

ಭಾವ ತಲೆಯೆತ್ತಿ ಕೋಣೆಯನ್ನು ಸುತ್ತಲೂ ನೋಡಿದರು. ದರ್ಜಿಯೂ ನೋಡಿದ. ಹನ್ನೊಂದು ರೇಡಿಯೋ, ಬಾಗಿಲ ಹಿಂದಿನ ಎರಡು ಮಾನಿಟರು, ಯಾವುದನ್ನೂ ಬಿಡದೆ ನೋಡಿದರು. ಭಾವ ಜೇಬಿನಿಂದ ಕೆಂಪು ಪೆನ್ನು ತೆಗೆದವರು, ಪತ್ರದಲ್ಲಿ ತಿದ್ದುವಂಥದ್ದು ಏನೂ ಇಲ್ಲವೆಂದು ಮತ್ತೆ ಒಳಗಿಟ್ಟುಕೊಂಡರು. ಐದು ನಿಮಿಷದಲ್ಲಿ ಇಬ್ಬರಿಗೂ ಬೇರೆ ಕೆಲಸ ನೆನಪಾಯಿತು.

ತಮಾಷೆಯಲ್ಲ, ನನಗೆ ನಿಜವಾಗಿಯೂ ಸಂಕಟವಾಯಿತು. ಮೂವತ್ತು ವರ್ಷ ಜೊತೆಯಲ್ಲಿ ಉಂಡವಳು ನನ್ನನ್ನು ಬೇಡ ಎಂದಿದ್ದಳು, ಅದೂ ಒಂದೇ ಒಂದು ಅಕ್ಷರ ತಪ್ಪಿಲ್ಲದೆ!

"ಮತ್ತೆ ಆಮೇಲೆ ಯಾಕೆ ಒಪ್ಕೊಂಡೆ?" ಎಂದು ಕೇಳಿದೆ.

ಅವಳು ಬಂದು ಪಕ್ಕದಲ್ಲಿ ಕೂತು, ಕಾಗದವನ್ನು ಹರಿದು ನಾಲ್ಕಾಗಿ ಮಡಿಸಿದಳು. "ಪ್ರಿಂಟ್ ತೆಗೆಯೋಕೆ ಹೋದಾಗಲೇ ಅಲ್ವಾ ಫ್ಲಾಪಿ ಸಿಕ್ಕೊಂಡಿದ್ದು. ಮಾರನೇ ದಿನ ನೀವು ಸ್ಕ್ರೂಡ್ರೈವರ್ ಹಿಡ್ಕೊಂಡು ಬಂದ್ರಿ, ಐದು ನಿಮಿಷದ ಕೆಲಸ ಅಂದ್ರಿ. ಸರಿ ಆಗಲಿ, ಅಚ್ಚು ಹಾಕಿ ಇವರ ಕೈಗೇ ಕೊಟ್ಟುಬಿಡೋಣ ಅಂತ ನಾನೂ ಕಾಯ್ತಾ ಕೂತೆ. ಒಂದು ವಾರ ನನ್ನ ಪಕ್ಕದಲ್ಲೇ ಕೂತು ಬಿಚ್ಚಿದ್ರಿ, ಕಟ್ಟಿದ್ರಿ, ನಗಿಸಿದ್ರಿ. ವಾರ ಮುಗಿಯೋ ಹೊತ್ತಿಗೆ ನೀವು ಬರೋದು ಒಂದು ಗಳಿಗೆ ತಡವಾದ್ರೆ ನಾನೇ ಬಾಗಿಲು ನೋಡ್ತಿದ್ದೆ. ಆಮೇಲೆ ಬೇಡ ಅನ್ನೋಕೆ ಮನಸ್ಸೇ ಬರಲಿಲ್ಲ."

ಹೋಗಿದ್ದ ಜೀವ ಬಂದಂತಾಯಿತು. ಎದೆ ಮತ್ತೆ ಉಬ್ಬಿತು. "ಅಂದ್ರೆ ನಮ್ಮಿಬ್ಬರನ್ನ ಸೇರಿಸಿದ್ದೇ ನನ್ನ ರಿಪೇರಿ ಕೆಲಸ!" ಎಂದೆ.

"ಅಲ್ಲ," ಎಂದಳು ಅವಳು, ನನ್ನ ತಲೆಗೂದಲಿನಿಂದ ತಂತಿಯ ಚೂರೊಂದನ್ನು ಹೆಕ್ಕಿ ತೆಗೆಯುತ್ತಾ. "ನಿಮಗೆ ರಿಪೇರಿ ಬರದೇ ಇದ್ದದ್ದು."